ಕಿವಿ ಒತ್ತಿದರೆ ಮೂಲವ್ಯಾಧಿಯ ನೋವು ತಗ್ಗುವುದೆ?

ಮೂಲವ್ಯಾಧಿಯ ಶಸ್ತ್ರಕ್ರಿಯೆ ಮಾಡಿಸಿಕೊಂಡವರನ್ನು ಕೇಳಿ ನೋಡಿ. ಶಸ್ತ್ರಕ್ರಿಯೆಗಿಂತ ಅನಂತರದ ಮೊದಲ ಮಲವಿಸರ್ಜನೆಯನ್ನೇ ಅವರು ನೆನೆದು ನಡುಗುತ್ತಾರೆ. ಈ ನೋವಿಗೆ ಕಿವಿಯ ಆಕ್ಯುಪ್ರೆಷರ್ ಒಳ್ಳೆಯದೆಂಬ ವರದಿಗಳು, ಹೆಚ್ಚಾಗಿ ಚೀನಾದಿಂದ, ಪ್ರಕಟವಾಗಿವೆ. ಸಾಸಿವೆಯಂಥ ಬೀಜಗಳನ್ನು ಅಂಟುಪಟ್ಟಿಯಿಂದ ಹೊರಕಿವಿಗೆ ಅಂಟಿಸಿ ದಿನಕ್ಕೆ ಹಲವು ಬಾರಿ ಒತ್ತಬೇಕು, ಅಷ್ಟೆ.

ಎಲ್ಲಿ ಒತ್ತಬೇಕೆಂಬುದಕ್ಕೆ ಒಂದು ನಕ್ಷೆ ಇದೆ. ಬಹು ಪ್ರಾಚೀನವೆಂದು ಹಲವರು ನಂಬಿರುವ ಈ ನಕ್ಷೆಯ ಮೂಲ ಫ್ರಾನ್ಸಿನ ವೈದ್ಯ ಪಾಲ್ ನೊಜಿಯೆ. 1950ರ ದಶಕದಲ್ಲಿ ಅವರು ಕಿವಿಯಲ್ಲಿ ತಲೆಕೆಳಗಾದ ಭ್ರೂಣವನ್ನು ಕಂಡು, ಅಂಗಕ್ಕೊಂದು ಬಿಂದು ಹಂಚಿದರು. ಆಕಾರದ ಹೋಲಿಕೆಯೇ ಸಾಕೆಂದಾದರೆ, ಗೋಡಂಬಿಯೂ ಮೂತ್ರಪಿಂಡದಂತೆಯೇ ಇದೆ!

ಈಗ ವೇಗಸ್ ನರದ ವಾದ ಬಂದಿದೆ. ಅದರ ಒಂದು ಕವಲು ಹೊರಕಿವಿಗೆ ಬರುವುದು ನಿಜ. ಆದರೆ ಕೆಳಗೆ ಅದರ ವ್ಯಾಪ್ತಿ ದೊಡ್ಡಕರುಳಿನ ಅಡ್ಡಭಾಗದ ಆಸುಪಾಸಿನಲ್ಲೇ ಮುಗಿಯುತ್ತದೆ. ಗುದದ್ವಾರದ ನೋವನ್ನು ಒಯ್ಯುವುದು ಬೆನ್ನುಹುರಿಯ ತಳಭಾಗಕ್ಕೆ ಸೇರುವ ಪ್ಯುಡೆಂಡಲ್ ನರ. ಮಿದುಳಿನ ಮೂಲಕ ಪರೋಕ್ಷ ಪರಿಣಾಮ ಇರಬಹುದು ಎಂದರೆ ಒಪ್ಪೋಣ. ಹಾಗಾದರೆ ಕಿವಿಯಲ್ಲಿ ಗುದಕ್ಕೆಂದೇ ಒಂದು ಬಿಂದು ಏಕೆ?

ಭೌತವಿಜ್ಞಾನದವನಾದ ನನ್ನನ್ನು ಹೆಚ್ಚು ಕಾಡುವುದು ಅಳತೆ. ನೋವಿಗೆ ಉಷ್ಣಮಾಪಕದಂಥ ಉಪಕರಣವಿಲ್ಲ. ರೋಗಿಯೇ 0ಯಿಂದ 10ರವರೆಗೆ ಅಂಕ ಕೊಡಬೇಕು. ಗಾಯ ಮಾಯುತ್ತಿದ್ದಂತೆ ಅಂಕ ತಾನಾಗಿ ಇಳಿಯುತ್ತದೆ. ಆದ್ದರಿಂದ ಹೋಲಿಕೆಗೆ ಇನ್ನೊಂದು ಗುಂಪು ಬೇಕೇ ಬೇಕು. ಆ ಗುಂಪಿನವರಿಗೆ ಬೀಜವಿಲ್ಲದ ಬರಿಯ ಪಟ್ಟಿ ಅಂಟಿಸಿದರೆ ಸಾಲದು. ಬೀಜ ಒತ್ತುತ್ತಿದೆಯೋ ಇಲ್ಲವೋ ಅವರ ಕಿವಿಗೇ ಗೊತ್ತು! ಹುಸಿ ಚಿಕಿತ್ಸೆಯ ನಿರೀಕ್ಷೆಯೂ ನೋವನ್ನು ನಿಜವಾಗಿ ತಗ್ಗಿಸಬಲ್ಲದು.

ನೋವಿನ ಸಂಶೋಧನೆಯಲ್ಲಿ ಹೆಸರಾದ ರೊನಾಲ್ಡ್ ಮೆಲ್ಜಾಕ್, ಜೋಯಲ್ ಕಾಟ್ಜ್ ಅವರೊಂದಿಗೆ 1984ರಲ್ಲಿ ದೀರ್ಘಕಾಲದ ನೋವಿನ 36 ರೋಗಿಗಳಲ್ಲಿ ಕಿವಿಬಿಂದುಗಳ ವಿದ್ಯುತ್ ಪ್ರಚೋದನೆಯನ್ನು ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. ಅದು ಶಸ್ತ್ರಕ್ರಿಯೆಯ ನೋವಲ್ಲ, ಬೀಜದ ಒತ್ತಡವೂ ಅಲ್ಲ ಎಂಬ ಆಕ್ಷೇಪ ನ್ಯಾಯವೇ. ಇನ್ನೊಂದು ಸಂಗತಿಯೂ ಇದೆ. 1998ರಲ್ಲಿ ಆಂಡ್ರ್ಯೂ ವಿಕರ್ಸ್ ಮತ್ತು ಸಂಗಡಿಗರು ಆಕ್ಯುಪಂಕ್ಚರ್ ಪ್ರಯೋಗಗಳನ್ನು ದೇಶವಾರು ಜೋಡಿಸಿ ನೋಡಿದಾಗ, ಅವರಿಗೆ ಸಿಕ್ಕ ಚೀನಾದ ಪ್ರಯೋಗಗಳೆಲ್ಲವೂ ಯಶಸ್ವಿಯಾಗಿದ್ದವು. ಒಂದೂ ಸೋಲದ ವಿಧಾನವೆಂದರೆ ನನಗಂತೂ ಅನುಮಾನ.

ಬೀಜದಿಂದ ಅಪಾಯ ಹೆಚ್ಚಿಲ್ಲ. ಬಯಸಿದವರು ಒತ್ತಿಕೊಳ್ಳಲಿ, ಆದರೆ ಅದನ್ನು ನಂಬಿ ನೋವಿನ ಮಾತ್ರೆ, ಬಿಸಿನೀರಿನಲ್ಲಿ ಕೂರುವುದು, ನಾರಿನ ಆಹಾರ ಇವನ್ನು ಬಿಟ್ಟರೆ ನರಳುವವರು ಅವರೇ. ಪ್ರಯೋಗ ಮಾಡುವವರು ಎರಡೂ ಗುಂಪಿಗೆ ಬೀಜವನ್ನೇ ಅಂಟಿಸಲಿ, ಒಂದಕ್ಕೆ ನಕ್ಷೆಯ ಬಿಂದುವಿನಲ್ಲಿ, ಇನ್ನೊಂದಕ್ಕೆ ಬೇರೆಡೆ. ಯಾರಿಗೆ ಯಾವುದೆಂದು ತಿಳಿಯದ ದಾದಿಯರು ಅಂಕದ ಜೊತೆಗೆ ನುಂಗಿದ ಮಾತ್ರೆಗಳನ್ನೂ ಎಣಿಸಿ ಬರೆದಿಡಲಿ.