ಇಳಿದು ಬಂದವರು, ಏರಿ ಹೋದವರು

ರೇಣುಕೆ ಎಲ್ಲಮ್ಮನೆಂಬ ದೇವರಾದದ್ದು ಯಾವಾಗ? ಗಂಡ ಜಮದಗ್ನಿಯ ಮಾತಿಗೆ ಮಗನೇ ತಲೆ ಕಡಿದಾಗಲೋ, ತಲೆ ಮತ್ತೆ ಕೂಡಿದಾಗಲೋ, ಸವದತ್ತಿ ಗುಡ್ಡದಲ್ಲಿ ಜನ ‘ಉಧೋ’ ಎಂದಾಗಲೋ? ಇಂಥದೊಂದು ಪ್ರಶ್ನೆ ಸಿಕ್ಕರೆ ಗೀಗೀ ಹಾಡಿನ ಮೇಳಕ್ಕೆ ಇಡೀ ರಾತ್ರಿಗಾಗುವಷ್ಟು ಸರಕು. ಹರದೇಶಿಯವರದು ಶಿವ ಹೆಚ್ಚು, ಗಂಡು ಹೆಚ್ಚು ಎಂಬ ಪಕ್ಷ. ನಾಗೇಶಿಯವರದು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂಬ ಪಕ್ಷ. ದಪ್ಪಿನ ಪೆಟ್ಟು, ತುಂತುಣಿಯ ಒಂಟಿ ತಂತಿ, ಹಿಮ್ಮೇಳದ ‘ಗೀಯ ಗಾ’ಗಳ ನಡುವೆ ಸವಾಲು ಬೀಳುತ್ತದೆ. ಗಂಡನ ಆಜ್ಞೆಗೆ ತಲೆ ಕೊಟ್ಟವಳು ಹೆಚ್ಚಿನವಳು ಹೇಗೆ ಎಂದು ಒಬ್ಬರು ಕೇಳಿದರೆ, ಗುಡ್ಡಕ್ಕೆ ಜನ ನಡೆದು ಹೋಗುವುದು ಜಮದಗ್ನಿಗಾಗಿಯೋ ಎಲ್ಲಮ್ಮನಿಗಾಗಿಯೋ ಎಂದು ಇನ್ನೊಬ್ಬರು ತಿರುಗಿಸಿ ಕೇಳಬಹುದು.

ಲಾವಣಿಕಾರ ಖಾಜಾಭಾಯಿಯ ಹೆಸರಿನೊಂದಿಗೆ ಹಲಸಂಗಿ ಎಂಬ ಊರು ಅಂಟಿಕೊಂಡಿದೆ. ಶಿವಶಕ್ತಿಯರ ವ್ಯಾಜ್ಯ ಒಂದೇ ಮತದವರ ಸೊತ್ತಾಗಿರಲಿಲ್ಲ ಎನ್ನಲು ಆ ಹೆಸರೇ ಸಾಕು.

ಆದರೆ ಈ ಪರಂಪರೆಯನ್ನು ಬರೀ ಹೊಗಳಿದರೆ ಅದಕ್ಕೇ ಅನ್ಯಾಯ. ಅನೇಕ ಸಲ ಗೆಲ್ಲುವುದು ವಿಚಾರವಲ್ಲ, ಬಾಯಿಪಾಠ. ಯಾವ ಪುರಾಣದಲ್ಲಿ ಯಾರು ಯಾರ ಮಗಳು ಎಂದು ಹೇಳಬಲ್ಲವರು ಮೇಲಾಗುತ್ತಾರೆ. ರಾತ್ರಿಯೆಲ್ಲ ಹೆಣ್ಣು ಹೆಚ್ಚೆಂದು ಹಾಡಿದ ಊರಿನಲ್ಲಿ ಬೆಳಗಾದರೆ ನೀರಿಗೆ ಹೋಗುವವರು ಹೆಣ್ಣುಮಕ್ಕಳೇ. ಇನ್ನೊಂದು ದೊಡ್ಡ ಸೋಲೂ ಇದೆ. ಸವಾಲು ಬಿಗಿಯಾದ ಕೂಡಲೇ ‘ಆಕೆ ಮೊದಲೇ ಆದಿಶಕ್ತಿ, ಭೂಮಿಗೆ ಇಳಿದು ಬಂದವಳು’ ಎಂದು ಜಾರಿಕೊಳ್ಳುವುದು. ಇಳಿದು ಬಂದವಳಿಗೆ ಏರುವ ಕಷ್ಟವೆಲ್ಲಿಯದು? ಕಥೆ ಅಲ್ಲಿಗೆ ತಣ್ಣಗಾಯಿತು.

ಬಸವಣ್ಣನಿಗೂ ಹೀಗೇ ಆಯಿತು. ಬಾಗೇವಾಡಿಯಲ್ಲಿ ಹುಟ್ಟಿ, ಬಿಜ್ಜಳನ ಭಂಡಾರ ನೋಡಿಕೊಂಡು, ಊರನ್ನೇ ಎದುರು ಹಾಕಿಕೊಂಡವನು ಹರಿಹರನ ರಗಳೆಯಲ್ಲಿಯೇ ಕೈಲಾಸದಿಂದ ಬಂದ ಗಣ. ಭೀಮಕವಿ 1369ರಲ್ಲಿ ಬಸವಪುರಾಣ ಮುಗಿಸುವ ಹೊತ್ತಿಗೆ ನಂದಿಯ ಅವತಾರ. ಭಕ್ತಿಗೆ ಅದು ಬೇಕಿತ್ತು, ಒಪ್ಪೋಣ. ಆದರೆ ತಪ್ಪುವ, ಅಳುವ, ತನ್ನನ್ನೇ ಜರೆದುಕೊಳ್ಳುವ ಆ ವಚನಕಾರನಿಗೆ ಅವತಾರದ ಅಂಗಿ ಬಿಗಿಯಾಗುತ್ತದೆ.

ಈ ದೃಷ್ಟಿಯಿಂದ ಹಲಸಂಗಿ ಗೆಳೆಯರು ನನಗೆ ಮುಖ್ಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಹಳ್ಳಿಯ ಹಾಡುಗಳನ್ನು ಅಚ್ಚಿಗೆ ತಂದವರೆಂದು ಎಲ್ಲರೂ ಬಲ್ಲರು. ಅದರಾಚೆಗೆ, ಮನುಷ್ಯ ಏರಬಲ್ಲನೇ ಎಂಬ ಪ್ರಶ್ನೆಯನ್ನು ಮಧುರಚೆನ್ನ (1903–1953) ಮೈಮೇಲೆ ಎಳೆದುಕೊಂಡರು. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಅವರ ಕೃತಿಗಳ ಹೆಸರುಗಳೇ ಒಂದು ದಾರಿಯ ನಿಲ್ದಾಣಗಳಂತಿವೆ. ಅಲ್ಲಿ ಸಂಶಯ ಬಂದರೆ ಎದುರು ಮೇಳದಿಂದಲ್ಲ, ಒಳಗಿನಿಂದಲೇ. ಕತ್ತಲೆಯನ್ನು ದಾಟಿದ್ದಾಗಿ ಹೇಳುವ ಮೊದಲು ಕತ್ತಲೆಯಲ್ಲಿ ಇದ್ದದ್ದನ್ನು ಹೇಳುತ್ತಾರೆ. ಮನುಷ್ಯ ಜೀವನವೇ ದಿವ್ಯವಾಗಬಲ್ಲದೆಂಬ ಅರವಿಂದರ ಮಾತು ಅವರನ್ನು ಹಿಡಿದದ್ದು ಸಹಜ. ಆ ಗುರುವಿನ ಮುಂದೆ ಮಾತ್ರ ಅವರ ಸವಾಲು ಮೆತ್ತಗಾಗುತ್ತದೆ. ನಾಗೇಶಿ ಹಾಡುವವಳೊಬ್ಬಳು ಎದುರಿಗಿದ್ದಿದ್ದರೆ ಅಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ.

ಆ ಗೆಳೆಯರೇ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಇನ್ನೊಂದೇ ಬಗೆಯದು. ಬೀಸುಕಲ್ಲಿನ ಮುಂದೆ ಕುಳಿತವಳಿಗೆ ಎದುರು ಮೇಳವಿಲ್ಲ, ಪುರಾಣದ ಸಾಕ್ಷಿಯೂ ಬೇಡ. ಹಡೆದವ್ವನನ್ನು ದೇವರ ಪಕ್ಕದಲ್ಲಿ ಕೂಡಿಸುವುದಕ್ಕೆ ಮೂರು ಸಾಲು ಸಾಕು. ಅಷ್ಟರಲ್ಲಿ ಇನ್ನೊಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಬಿದ್ದಿರುತ್ತದೆ.