ಕಂಡದ್ದೆಷ್ಟು, ಕಂಡಂತಾದದ್ದೆಷ್ಟು?

ಮಾರ್ಚ್ ಕೊನೆಯಲ್ಲಿ, ರಾತ್ರಿ ಹತ್ತರ ಹೊತ್ತಿಗೆ ಅಜ್ಜಂಪುರದ ಅಮೃತಮಹಲ್ ಕಾವಲಿನ ಬಯಲಲ್ಲಿ ನಿಂತರೆ ಮಖಾ ನಕ್ಷತ್ರ ಹೆಚ್ಚುಕಮ್ಮಿ ನೆತ್ತಿಯ ಮೇಲಿರುತ್ತದೆ. ಅದರ ಮಗ್ಗುಲಲ್ಲೇ, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಕಡಿಮೆ ಅಂತರದಲ್ಲಿ, ಲಿಯೋ-1 ಎಂಬ ಕುಬ್ಜ ಗ್ಯಾಲಕ್ಸಿ ಇದೆ. ನಮ್ಮಿಂದ ಸುಮಾರು 8 ಲಕ್ಷ ಜ್ಯೋತಿರ್ವರ್ಷ ದೂರ. ಅದು ಪತ್ತೆಯಾದದ್ದು 1950ರಲ್ಲಿ, ಪಾಲೋಮರ್‌ನಲ್ಲಿ ತೆಗೆದ ಫೋಟೋಗಳಲ್ಲಿ. ಅದನ್ನೇ ಎಂಟು-ಹತ್ತು ಇಂಚಿನ ಡಾಬ್ಸೋನಿಯನ್ ದೂರದರ್ಶಕದಲ್ಲಿ ಕಣ್ಣಾರೆ ಕಾಣಬೇಕೆಂಬುದು ಹವ್ಯಾಸಿಗಳ ಹಟ.

ನೆತ್ತಿಯ ಮೇಲಿರುವುದು ಅನುಕೂಲವೂ ಹೌದು, ಕಾಟವೂ ಹೌದು. ಬೆಳಕು ಹಾದುಬರುವ ಗಾಳಿಯ ಪದರ ಅಲ್ಲಿ ಅತಿ ತೆಳು. ಆದರೆ ನೆಟ್ಟಗೆ ನಿಂತ ಡಾಬ್ಸೋನಿಯನ್ನನ್ನು ಪಕ್ಕಕ್ಕೆ ತಿರುಗಿಸಿದರೆ ಕೊಳವೆ ತನ್ನ ಸುತ್ತ ತಾನೇ ಸುತ್ತುತ್ತದೆ, ಗುರಿ ಮಾತ್ರ ಕದಲುವುದಿಲ್ಲ. ಜೊತೆಗೆ ಮಖಾದ ಪ್ರಖರತೆ. ಅದನ್ನು ನೋಟದಿಂದಾಚೆ ತಳ್ಳಿ, ಓರೆಗಣ್ಣಿನಲ್ಲಿ ನೋಡುತ್ತ, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಅಲುಗಿದಾಗ ಗಾಜಿನ ಮೇಲೆ ಉಸಿರು ಬಿಟ್ಟಂಥ ಮಸುಕು, ನಿಂತೊಡನೆ ಮಾಯ.

ನನ್ನ ತಕರಾರು ಇರುವುದು ಇಲ್ಲಿಯೇ. ಎಲ್ಲಿ ನೋಡಬೇಕೆಂದು ಮೊಬೈಲ್ ಆ್ಯಪ್ ಮೊದಲೇ ಹೇಳಿರುತ್ತದೆ. ಕಣ್ಣು ಹೂಂಗುಟ್ಟುತ್ತದೆ, ಅಷ್ಟೆ. ಫೋರ್ನಾಕ್ಸ್ ಕುಬ್ಜ ಗ್ಯಾಲಕ್ಸಿಯ ಕಥೆ ಇದಕ್ಕೆ ತದ್ವಿರುದ್ಧ. ಅದರೊಳಗಿನ ನಕ್ಷತ್ರಗುಚ್ಛ ಎನ್‌ಜಿಸಿ 1049ನ್ನು ಜಾನ್ ಹರ್ಷೆಲ್ 1835ರಲ್ಲೇ ದಕ್ಷಿಣ ಆಫ್ರಿಕದ ಕೇಪ್‌ನಿಂದ ಕಂಡು ಬರೆದಿಟ್ಟ. ಗುಚ್ಛವನ್ನು ಹೊತ್ತ ಗ್ಯಾಲಕ್ಸಿ ಇದೆಯೆಂದು ಗೊತ್ತಾದದ್ದು 1938ರಲ್ಲಿ, ಹಾರ್ಲೋ ಶಾಪ್ಲಿಯಿಂದ. ಗೊತ್ತಿಲ್ಲದ್ದನ್ನು ಹರ್ಷೆಲ್ ಕಂಡೆನೆನ್ನಲಿಲ್ಲ; ಕಂಡಷ್ಟನ್ನೇ ಬರೆದ.

ಈ ಗ್ಯಾಲಕ್ಸಿಯ ಮಟ್ಟಿಗೆ ನಮ್ಮ ಸೀಮೆ ಪುಣ್ಯ ಮಾಡಿದೆ. ಲಂಡನ್ನಿನಲ್ಲಿ ಅದು ದಿಗಂತದಿಂದ ನಾಲ್ಕು ಡಿಗ್ರಿ ಏರಿದರೆ ಹೆಚ್ಚು. ಕಡೂರಿನಲ್ಲಿ ಸುಮಾರು 42 ಡಿಗ್ರಿ. ಡಿಸೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ನೇರ ದಕ್ಷಿಣದಲ್ಲಿರುತ್ತದೆ. ತರೀಕೆರೆಯ ದಕ್ಷಿಣಕ್ಕಿರುವ ಬಾಬಾಬುಡನ್ ಸಾಲೂ ಅಷ್ಟೆತ್ತರಕ್ಕೆ ಅಡ್ಡ ಬಾರದು. ಅಡ್ಡ ಬರುವುದು ಇಬ್ಬನಿ ಮತ್ತು ಊರಿನ ಹೈಮಾಸ್ಟ್ ದೀಪ.

ಚಿತ್ರಕ್ಕೆ ಕ್ಯಾಮೆರಾ ಸಾಕು. ಹಾಗಾದರೆ ಈ ಕಣ್ಣಿನ ಕಸರತ್ತು ದಂಡವೇ? ಅಲ್ಲ, ಅದನ್ನು ಪರೀಕ್ಷೆಗೊಡ್ಡಿದರೆ. ಒಬ್ಬರು ಗುರಿಯಿಡಲಿ, ಒಮ್ಮೊಮ್ಮೆ ಬೇಕೆಂದೇ ಖಾಲಿ ಆಕಾಶಕ್ಕೂ ತಿರುಗಿಸಲಿ. ಇನ್ನೊಬ್ಬರು ಏನನ್ನೂ ಕೇಳದೆ ಕಂಡದ್ದನ್ನು ಪೆನ್ಸಿಲಿನಲ್ಲಿ ಬಿಡಿಸಲಿ. ಖಾಲಿ ಜಾಗದಲ್ಲೂ ಮಸುಕು ಮೂಡಿದ್ದರೆ ಹಿಂದಿನ ಪುಟಗಳನ್ನೂ ಅನುಮಾನದಿಂದಲೇ ತಿರುವಬೇಕಾಗುತ್ತದೆ. "ಕಾಣಲಿಲ್ಲ" ಎಂಬ ಸಾಲು ಒಂದೂ ಇಲ್ಲದ ವೀಕ್ಷಣಾ ಪುಸ್ತಕವನ್ನು ನಾನಂತೂ ನಂಬಲಾರೆ.