'ಮೌನ ಪ್ರಪಂಚ' ತೋರಿಸದ ಭೌತವಿಜ್ಞಾನ

ಸಾಗರದೊಳಗಿನ ಬದುಕನ್ನು ಬಣ್ಣದಲ್ಲಿ ಜಗತ್ತಿಗೆ ತೋರಿಸಿದ ಆರಂಭದ ಸಾಕ್ಷ್ಯಚಿತ್ರಗಳಲ್ಲಿ 'ದಿ ಸೈಲೆಂಟ್ ವರ್ಲ್ಡ್' (ಮೌನ ಪ್ರಪಂಚ) ಪ್ರಮುಖವಾದುದು. ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಲೂಯಿ ಮಾಲ್ ನಿರ್ದೇಶಿಸಿದ ಈ ಚಿತ್ರಕ್ಕೆ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯೂ 1957ರಲ್ಲಿ ಆಸ್ಕರ್ ಪ್ರಶಸ್ತಿಯೂ ದೊರೆತವು. ಶಾಲಾ ಕಾಲೇಜುಗಳ ವಿಜ್ಞಾನ ಸಂಘಗಳಲ್ಲಿ ಇಂದಿಗೂ ತೋರಿಸಬಹುದಾದ ಚಿತ್ರವಿದು. ಆದರೆ ಭೌತವಿಜ್ಞಾನದ ಶಿಕ್ಷಕರು ಇದನ್ನು ವಿವರಣೆಯಿಲ್ಲದೆ ತೋರಿಸಬಾರದು. ಕಾರಣ, ಮನುಷ್ಯ ನೀರಿನ ನಡುವೆ ಮೇಲೇರದೆ, ಕೆಳಗಿಳಿಯದೆ ಹೇಗೆ ನಿಲ್ಲುತ್ತಾನೆ ಎಂಬ ಮೂಲ ಪ್ರಶ್ನೆಯನ್ನೇ ಚಿತ್ರ ಮುಟ್ಟುವುದಿಲ್ಲ.

ಚಿತ್ರದಲ್ಲಿ ಮುಳುಗುಗಾರರ ಬೆನ್ನಿಗೆ ಗಾಳಿಯ ಸಿಲಿಂಡರುಗಳಿವೆ. ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ 'ಆಕ್ವಾಲಂಗ್' ಉಪಕರಣವದು. ಇಂದು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡುವವರು ತೊಡುವಂಥ, ಗಾಳಿ ತುಂಬಿ ತೇಲುವಿಕೆಯನ್ನು ಸರಿದೂಗಿಸುವ ಜಾಕೆಟ್ (ಬಿ.ಸಿ.ಡಿ.) ಅವರಲ್ಲಿ ಯಾರ ಮೈಮೇಲೂ ಇಲ್ಲ. ಫ್ರಾನ್ಸಿನ ಮಾರಿಸ್ ಫೆಂಜಿ ಅದರ ಪೂರ್ವರೂಪವನ್ನು ಬಳಕೆಗೆ ತಂದದ್ದು 1960ರ ದಶಕದ ಆರಂಭದಲ್ಲಿ. ಆದರೂ ಚಿತ್ರದ ಮುಳುಗುಗಾರರು ಮೀನುಗಳಂತೆ ನಿರಾಯಾಸವಾಗಿ ತೇಲಾಡುತ್ತಾರೆ. ಸಿಲಿಂಡರ್ ಕಟ್ಟಿಕೊಂಡರೆ ಸಾಕು, ನೀರು ತಾನಾಗಿಯೇ ಎತ್ತಿಹಿಡಿಯುತ್ತದೆ ಎಂಬ ಭಾವನೆ ಪ್ರೇಕ್ಷಕರಿಗೆ ಬರುವುದು ಸಹಜ.

ಇದನ್ನು ಲಿಂಗಸುಗೂರು ಕಡೆಯ ಗುರುಗುಂಟಾದಂಥ ಊರಿನ ಪ್ರೌಢಶಾಲೆಯಲ್ಲಿ ತೋರಿಸಿದರೆಂದು ಭಾವಿಸೋಣ. ಅಲ್ಲಿಂದ ಸಮುದ್ರ ಬಹು ದೂರ. ಆದರೆ ಉತ್ತರಕ್ಕೆ, ತಿಂಥಣಿ ಸೇತುವೆಯ ಬಳಿ ಕೃಷ್ಣಾ ನದಿ ಹರಿಯುತ್ತದೆ. ಇದೇ ನದಿಯ ನಡುಗಡ್ಡೆಯಾದ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಿಂದ 2014ರ ಪ್ರವಾಹದಲ್ಲಿ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಕಾಯಿಗಳನ್ನು ಕಟ್ಟಿಕೊಂಡು ಈಜಿ ದಡ ಸೇರಿದ್ದು ದೊಡ್ಡ ಸುದ್ದಿಯಾಗಿತ್ತು. ಸೋರೆಬುರುಡೆಯ ಆಸರೆ ಏನೆಂಬುದು ಈ ಭಾಗದ ಮಕ್ಕಳಿಗೆ ಹೊಸತಲ್ಲ. 'ಒಳಗೆ ಗಾಳಿಯಿದ್ದರೆ ತೇಲುತ್ತದೆ' ಎಂಬ ಆ ತಿಳಿವಳಿಕೆಯನ್ನೇ ಅವರು ಚಿತ್ರದ ಮುಳುಗುಗಾರನಿಗೂ ಅನ್ವಯಿಸುತ್ತಾರೆ. ತೊಡಕು ಇರುವುದು ಇಲ್ಲಿಯೇ.

ಸೋರೆಬುರುಡೆಯ ಚಿಪ್ಪು ಗಟ್ಟಿ. ಅದು ಒಡೆಯುವವರೆಗೂ ಅದರ ಗಾತ್ರ ಬದಲಾಗದು. ಆದ್ದರಿಂದ ಅದು ಸ್ಥಳಾಂತರಿಸುವ ನೀರಿನ ತೂಕವೂ, ಅಂದರೆ ಮೇಲೊತ್ತುವ ಬಲವೂ, ಒಂದೇ ಆಗಿರುತ್ತದೆ. ಮೆತ್ತನೆಯ ಚೀಲದ ಕಥೆ ಬೇರೆ. ಸಮುದ್ರದಲ್ಲಿ 10 ಮೀಟರ್ ಆಳದಲ್ಲಿ ಒತ್ತಡ ಸುಮಾರು 2 ವಾಯುಮಂಡಲದಷ್ಟು, 30 ಮೀಟರಿನಲ್ಲಿ 4ರಷ್ಟು. ಬಾಯ್ಲ್ ನಿಯಮದಂತೆ, ಮೇಲ್ಮೈಯಲ್ಲಿ 4 ಲೀಟರ್ ಇದ್ದ ಚೀಲದ ಗಾಳಿ 10 ಮೀಟರಿನಲ್ಲಿ 2 ಲೀಟರಿಗೂ 30 ಮೀಟರಿನಲ್ಲಿ 1 ಲೀಟರಿಗೂ ಕುಗ್ಗುತ್ತದೆ. ಕೆಳಗಿಳಿದಷ್ಟೂ ಆಸರೆ ಕಡಿಮೆ, ಆಸರೆ ಕಡಿಮೆಯಾದಷ್ಟೂ ಇಳಿತ ವೇಗ. ಮೇಲೇರುವಾಗ ಇದರ ವಿರುದ್ಧ ನಡೆಯುತ್ತದೆ. ಅಂದರೆ ಇದು ಅಸ್ಥಿರ ಸಮತೋಲ. ಶೀತ ತಡೆಯಲು ತೊಡುವ ನೊರೆರಬ್ಬರಿನ ಉಡುಪು ಕೂಡ ಇದೇ ರೀತಿ ಆಳದಲ್ಲಿ ಕುಗ್ಗುತ್ತದೆ.

ಹಾಗಾದರೆ ಚಿತ್ರದ ಮುಳುಗುಗಾರರು ಜಾಕೆಟ್ ಇಲ್ಲದೆ ನಿಭಾಯಿಸಿದ್ದು ಹೇಗೆ? ಮೊದಲನೆಯದಾಗಿ, ಹಲವು ದೃಶ್ಯಗಳಲ್ಲಿ ಅವರು ಬೆಚ್ಚನೆಯ ನೀರಿನಲ್ಲಿ ಬರಿಮೈಯಲ್ಲಿದ್ದಾರೆ. ಕುಗ್ಗುವ ಉಡುಪೇ ಇಲ್ಲ. ಎರಡನೆಯದಾಗಿ, ಸೊಂಟದ ಸೀಸದ ಪಟ್ಟಿ. ಮೂರನೆಯದಾಗಿ, ಉಸಿರು. ಆಕ್ವಾಲಂಗ್ ಸುತ್ತಲಿನ ನೀರಿನ ಒತ್ತಡದಲ್ಲೇ ಗಾಳಿ ಕೊಡುವುದರಿಂದ ಶ್ವಾಸಕೋಶ ಆಳದಲ್ಲೂ ಎಂದಿನಷ್ಟೇ ಹಿಗ್ಗಬಲ್ಲದು. ಅರ್ಧ ಲೀಟರ್ ಹೆಚ್ಚು ಉಸಿರೆಳೆದುಕೊಂಡರೆ ಸುಮಾರು 500 ಗ್ರಾಂ ತೂಕಕ್ಕೆ ಸಮನಾದ ಮೇಲೊತ್ತುವ ಬಲ ಸಿಗುತ್ತದೆ. ಆದರೆ ಗಾಳಿಗೂ ತೂಕವಿದೆ. 12 ಲೀಟರಿನ ಸಿಲಿಂಡರಿನಲ್ಲಿ 200 ವಾಯುಮಂಡಲ ಒತ್ತಡದ ಗಾಳಿ ಸುಮಾರು 3 ಕಿಲೋಗ್ರಾಂ ತೂಗುತ್ತದೆ. ಅದು ಖರ್ಚಾದಂತೆ ಮುಳುಗುಗಾರ ಹಗುರಾಗುತ್ತಾನೆ. ಆದ್ದರಿಂದ ಜಾಕೆಟ್ ಇಲ್ಲದವನು ಯಾವ ಆಳದಲ್ಲಿ, ಎಷ್ಟು ಗಾಳಿ ಉಳಿದಿರುವಾಗ ತಾನು ಸಮತೂಗಬೇಕೆಂದು ಮೊದಲೇ ಲೆಕ್ಕಹಾಕಿ ಸೀಸ ಕಟ್ಟಿಕೊಳ್ಳಬೇಕು. ಉಳಿದ ಹೊತ್ತೆಲ್ಲ ಉಸಿರಿನಿಂದಲೂ ಕಾಲಿನ ರೆಕ್ಕೆಗಳಿಂದಲೂ ಹೊಂದಿಸಿಕೊಳ್ಳಬೇಕು. ತೆರೆಯ ಮೇಲೆ ನೀರಿನ ಗುಣದಂತೆ ಕಾಣುವುದು ನಿಜದಲ್ಲಿ ದೀರ್ಘ ಅಭ್ಯಾಸದ ಫಲ.

ಇದು ಕೇವಲ ಪಾಂಡಿತ್ಯದ ಆಕ್ಷೇಪಣೆಯಲ್ಲ. ಉಸಿರಿನಿಂದ ತೇಲುವಿಕೆ ಹೊಂದಿಸುವುದು ಎಂದರೆ ಉಸಿರು ಬಿಗಿಹಿಡಿಯುವುದು ಎಂದು ವಿದ್ಯಾರ್ಥಿ ತಿಳಿದರೆ ಅಪಾಯ. 10 ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿಯನ್ನು ತುಂಬಿಕೊಂಡು ಉಸಿರು ಕಟ್ಟಿ ಮೇಲೆ ಬಂದರೆ, ಆ ಗಾಳಿ ಇಮ್ಮಡಿ ಗಾತ್ರಕ್ಕೆ ಹಿಗ್ಗಲು ಹೊರಟು ಶ್ವಾಸಕೋಶವನ್ನೇ ಹರಿಯಬಲ್ಲದು. ಉಸಿರಾಟ ಎಂದೂ ನಿಲ್ಲಬಾರದು ಎಂಬುದು ಸ್ಕೂಬಾ ತರಬೇತಿಯ ಮೊದಲ ಪಾಠ.

ಸಾಕ್ಷ್ಯಚಿತ್ರ ಪಠ್ಯಪುಸ್ತಕವಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಇದೇ ಚಿತ್ರ ಅವಸರದಿಂದ ಮೇಲೆ ಬಂದ ಮುಳುಗುಗಾರನನ್ನು ಒತ್ತಡದ ಕೋಣೆಯಲ್ಲಿ ಇರಿಸುವುದನ್ನು ಬಿಡುವು ಮಾಡಿಕೊಂಡು ತೋರಿಸುತ್ತದೆ. ಆ ಅಪಾಯಕ್ಕೆ ಕೊಟ್ಟ ಗಮನದಲ್ಲಿ ಒಂದು ನಿಮಿಷವನ್ನು ಸೀಸದ ಪಟ್ಟಿಗೂ ಉಸಿರಿಗೂ ಕೊಡಬಹುದಿತ್ತು.

ಈ ಕೊರತೆಯನ್ನು ತರಗತಿಯಲ್ಲಿ ತುಂಬುವುದು ಸುಲಭ. ಪ್ಲಾಸ್ಟಿಕ್ ಬಾಟಲಿಗೆ ಅಂಚಿನವರೆಗೆ ನೀರು ತುಂಬಿ, ತುಸು ನೀರೆಳೆದ ಇಂಕ್ ಫಿಲ್ಲರನ್ನು ಅದರಲ್ಲಿ ತೇಲಬಿಡಿ. ಜೊತೆಗೆ ಬಾಯಿ ಭದ್ರವಾಗಿ ಮುಚ್ಚಿದ, ತೇಲುವಂಥ ಚಿಕ್ಕ ಗಾಜಿನ ಸೀಸೆಯನ್ನೂ ಹಾಕಿ ಮುಚ್ಚಳ ಬಿಗಿಯಿರಿ. ಬಾಟಲಿಯನ್ನು ಒತ್ತಿದರೆ ಫಿಲ್ಲರಿನ ಗಾಳಿ ಕುಗ್ಗಿ ಅದು ಮುಳುಗುತ್ತದೆ, ಸೀಸೆ ಕದಲದು. ಸೀಸೆಯೇ ಸೋರೆಬುರುಡೆ, ಫಿಲ್ಲರೇ ಗಾಳಿಚೀಲ. ಈಗ ಫಿಲ್ಲರನ್ನು ನಡುನೀರಿನಲ್ಲಿ ನಿಲ್ಲಿಸಲು ವಿದ್ಯಾರ್ಥಿಗಳಿಗೆ ಹೇಳಿ. ಬೆರಳಿನ ಒತ್ತಡವನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿರಬೇಕಾಗುತ್ತದೆ. ಕೂಸ್ತೋವಿನ ಸಂಗಡಿಗರು ಉಸಿರಿನಿಂದ ಮಾಡುತ್ತಿದ್ದುದು ಇದೇ ತಿದ್ದುವಿಕೆ.

ಹವಳದ ದಂಡೆಗೆ ಡೈನಮೈಟ್ ಸಿಡಿಸುವ, ಶಾರ್ಕ್‌ಗಳನ್ನು ಕೊಲ್ಲುವ ದೃಶ್ಯಗಳೂ ಚಿತ್ರದಲ್ಲಿವೆ. ಅವನ್ನು ಇಂದು ಒಪ್ಪಲಾಗದು ಎಂಬುದನ್ನೂ ಶಿಕ್ಷಕರು ಹೇಳಬೇಕು. ಇಷ್ಟಾದರೂ ಚಿತ್ರ ನೋಡತಕ್ಕದ್ದೇ. ಪ್ರಯೋಗವನ್ನು ಮೊದಲು ಮಾಡಿಸಿ, ಚಿತ್ರವನ್ನು ಆಮೇಲೆ ತೋರಿಸಿದರೆ, ಮುಳುಗುಗಾರ ಉಸಿರು ಬಿಟ್ಟಾಗ ಏಳುವ ಗುಳ್ಳೆಗಳನ್ನೂ ಪ್ರತಿ ಉಸಿರಿನೊಂದಿಗೆ ಅವನ ಮೈ ಏರಿಳಿಯುವುದನ್ನೂ ಮಕ್ಕಳು ತಾವೇ ಗಮನಿಸುತ್ತಾರೆ.